ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ: ವಯಸ್ಸೆಷ್ಟು? – ಮನೆಯಿಲ್ಲದ ಹುಡುಗರ ರಾತ್ರಿ ಶೆಲ್ಟರ್ ನಡೆಸುವ ಕೆಲಸ

ಹೋಮ್ ಲೋನ್, ನೋಟಿಸ್ ಪೀರಿಯಡ್, ಅಪ್ರೈಸಲ್ ಅಂತ ನಾವು ಮಾತಾಡ್ತಾನೇ ಇರ್ತೀವಿ. ಇವತ್ತು ಸ್ವಲ್ಪ ಬೇರೆ ವಿಷಯ. ಮನೆ ಬಿಟ್ಟು ಬಂದ ಅಥವಾ ಮನೆಯೇ ಇಲ್ಲದ, ಹದಿನಾರರಿಂದ ಇಪ್ಪತ್ನಾಲ್ಕು ವಯಸ್ಸಿನ ಹುಡುಗರಿಗೆ ರಾತ್ರಿ ಮಲಗೋಕೆ ಜಾಗ ಕೊಡುವ ಶೆಲ್ಟರ್ ಹೇಗೆ ನಡೆಯುತ್ತೆ, ಅದರಲ್ಲಿ ಯಾವುದು ನಿಜವಾಗಿ ಕಷ್ಟ ಅಂತ ಹೇಳ್ತೀನಿ.

ನಾನಿರೋದು ನಾಸಿಕ್‌ನ ಅಂಬಡ್‌ನಲ್ಲಿ. ಹೆಂಡತಿಗೆ ಇಲ್ಲಿನ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ನನಗೆ ಬೆಂಗಳೂರಿನ ಕಂಪನಿ, ವರ್ಕ್ ಫ್ರಮ್ ಹೋಮ್. ಊರು ಧಾರವಾಡ. ಓದಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್, ಸಮಾಜಕಾರ್ಯ ಅಲ್ಲ. ಇಲ್ಲಿನ ಒಂದು ಸಣ್ಣ ಶೆಲ್ಟರ್‌ನವರು ಕಾಗದದ ರಿಜಿಸ್ಟರನ್ನು ಕಂಪ್ಯೂಟರಿಗೆ ಹಾಕಿಕೊಡಿ ಅಂತ ಕೇಳಿದ್ದರು. ಆ ಕೆಲಸ ಎರಡು ವಾರದಲ್ಲಿ ಮುಗೀತು. ಆದರೆ ಆಗಾಗ ಕನ್ನಡ ಮಾತ್ರ ಬರುವ ಹುಡುಗರು ಅಲ್ಲಿಗೆ ಬರ್ತಾರೆ, ಹಾಗಾಗಿ ರಾತ್ರಿ ಫೋನು ಬರೋದು ನಿಲ್ಲಲಿಲ್ಲ. ಈಗ ತಿಂಗಳಿಗೆ ಎರಡು ಶನಿವಾರ ರಾತ್ರಿ ಅಲ್ಲೇ ಇರ್ತೀನಿ.

ಮೊದಲು ಒಂದು ಹೋಲಿಕೆ. ನಾವೆಲ್ಲ ಊರು ಬಿಟ್ಟು ಬಂದವರೇ. ನಮ್ಮ ಮೊದಲ ರಾತ್ರಿ ಎಲ್ಲಿ ಕಳೀತು? ಕಂಪನಿಯ ಗೆಸ್ಟ್ ಹೌಸು, ಸೀನಿಯರ್ ಒಬ್ಬರ ಪಿಜಿ, ಇಲ್ಲಾ ಚಿಕ್ಕಪ್ಪನ ಮನೆಯ ಹಾಲು. ನಮಗಿಂತ ಮೂರು ತಲೆಮಾರು ಹಿಂದೆ ದಕ್ಷಿಣ ಕನ್ನಡದಿಂದ ಮುಂಬೈಗೆ ಹೋದ ಹುಡುಗರಿಗೆ ಉಡುಪಿ ಹೋಟೆಲ್ಲೇ ಶೆಲ್ಟರ್ ಆಗಿತ್ತು. ಹಗಲು ಟೇಬಲ್ ಒರೆಸಿ, ರಾತ್ರಿ ಅದೇ ಹೋಟೆಲಿನ ನೆಲದ ಮೇಲೆ ಮಲಗೋದು. ನಡುವೆ ಎರಡು ತಾಸು ಕನ್ನಡ ರಾತ್ರಿ ಶಾಲೆ. ಮುಂಬೈಯ ಮೊಗವೀರ ರಾತ್ರಿ ಶಾಲೆ ಶುರುವಾದದ್ದು 1908ರಲ್ಲಿ. ಆ ವ್ಯವಸ್ಥೆಯಲ್ಲಿ ದುಡಿಮೆ ಕ್ರೂರವಾಗಿತ್ತು, ಅದನ್ನು ಹೊಗಳೋಕೆ ನಾನು ಹೋಗಲ್ಲ. ಹದಿನಾಲ್ಕರ ಕೆಳಗಿನ ಹುಡುಗನನ್ನು ಹಾಗೆ ದುಡಿಸಿಕೊಂಡರೆ ಇವತ್ತು ಅದು ಅಪರಾಧ. ಆದರೂ ರೈಲು ಇಳಿದ ಹುಡುಗನಿಗೆ “ನೀನು ಯಾರ ಪೈಕಿ, ಯಾವ ಊರು” ಅಂತ ಕೇಳೋರು ಒಬ್ಬರಿದ್ದರು. ರಾತ್ರಿ ಶೆಲ್ಟರಿಗೆ ಬರೋನು ಆ ಪ್ರಶ್ನೆ ಕೇಳೋರು ಯಾರೂ ಇಲ್ಲದ ಹುಡುಗ.

ಇಂಥವರು ಎಷ್ಟು ಜನ? 2011ರ ಜನಗಣತಿಯವರು ಫೆಬ್ರವರಿ 28ರ ರಾತ್ರಿ ಫುಟ್‌ಪಾತು, ಸ್ಟೇಷನ್ನು, ಗುಡಿ ಕಟ್ಟೆ ಸುತ್ತಿ ಎಣಿಸಿದಾಗ ದೇಶದಲ್ಲಿ ಮನೆಯಿಲ್ಲದವರು 17.7 ಲಕ್ಷ ಸಿಕ್ಕಿದ್ದರು. ಅದರಲ್ಲಿ ಮಹಾರಾಷ್ಟ್ರದವರು 2.1 ಲಕ್ಷ, ಕರ್ನಾಟಕದವರು ಸುಮಾರು 77 ಸಾವಿರ. ಇದು ಒಂದೇ ರಾತ್ರಿಯ ಎಣಿಕೆ. ಗೆಳೆಯನ ರೂಮಿನಲ್ಲಿ ನಾಲ್ಕು ದಿನ, ಬಸ್ ಸ್ಟ್ಯಾಂಡಿನಲ್ಲಿ ಎರಡು ದಿನ, ಕಾರ್ಖಾನೆ ಗೇಟಿನ ಹತ್ತಿರ ಟೆಂಪೋದಲ್ಲಿ ಒಂದು ದಿನ ಅಂತ ಕಳೆಯುವ ಹುಡುಗ ಇಂಥ ಲೆಕ್ಕದಲ್ಲಿ ಸುಲಭವಾಗಿ ಸಿಗಲ್ಲ.

ಸರ್ಕಾರದ ಅಳತೆ ಏನು ಅಂತಲೂ ನೋಡೋಣ. ರಾತ್ರಿ ಶೆಲ್ಟರ್ ಇಲ್ಲದೆ ಜನ ಚಳಿಗೆ ಸಾಯೋ ವಿಷಯ ಆಹಾರದ ಹಕ್ಕಿನ ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು 2010ರಲ್ಲಿ. 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಅಡಿಯಲ್ಲಿ ಶೆಲ್ಟರ್ ಯೋಜನೆ ಬಂತು. ಅದರ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಜಾಗ ಇರಬೇಕಿತ್ತು, ಒಬ್ಬರಿಗೆ 50 ಚದರ ಅಡಿ, ವರ್ಷವಿಡೀ ದಿನದ 24 ಗಂಟೆ ತೆರೆದಿರಬೇಕಿತ್ತು. 2011ರಲ್ಲಿ ನಾಸಿಕ್ ಜನಸಂಖ್ಯೆ 14.86 ಲಕ್ಷ. ಆ ಹಳೇ ಲೆಕ್ಕದಲ್ಲೇ ಇಲ್ಲಿ 1,400ಕ್ಕೂ ಹೆಚ್ಚು ಜನರಿಗೆ ಜಾಗ ಬೇಕು. ಪಕ್ಕದ ಛತ್ರಪತಿ ಸಂಭಾಜಿನಗರಕ್ಕೆ 1,100ಕ್ಕೂ ಹೆಚ್ಚು, ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ 900ಕ್ಕೂ ಹೆಚ್ಚು. ಇಲ್ಲಿ ಇಂಥ ಜಾಗಕ್ಕೆ ಮರಾಠಿಯಲ್ಲಿ “ಬೇಘರ್ ನಿವಾರಾ ಕೇಂದ್ರ” ಅಂತಾರೆ. ನಿಮ್ಮ ಊರಿನಲ್ಲಿ ಅದು ಎಲ್ಲಿದೆ ಅಂತ ಪಾಲಿಕೆಗೆ ಫೋನ್ ಮಾಡಿ ಕೇಳಿ ನೋಡ್ರಿ, ಎಷ್ಟು ಜನಕ್ಕೆ ಗೊತ್ತಿರತ್ತೆ ಅಂತ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಶೆಲ್ಟರ್ ಅಂದ್ರೆ ಚಾಪೆ, ಕಂಬಳಿ, ಊಟ ಅಂತ ನಾನೂ ಅಂದುಕೊಂಡಿದ್ದೆ. ಅವೆಲ್ಲ ದುಡ್ಡಿದ್ದರೆ ಬರ್ತವೆ. ಕಷ್ಟದ ಕೆಲಸ ಬಾಗಿಲಲ್ಲಿದೆ. ರಾತ್ರಿ ಹನ್ನೊಂದಕ್ಕೆ ಒಬ್ಬ ಹುಡುಗ ಬಂದು ನಿಂತಿದ್ದಾನೆ, ಬೆನ್ನಿಗೆ ಒಂದು ಸ್ಕೂಲ್ ಬ್ಯಾಗು. ಕೇರ್‌ಟೇಕರ್ ಅವನನ್ನು ಒಳಗೆ ಬಿಡಬೇಕೋ, ಬಿಟ್ಟರೆ ಎಲ್ಲಿ ಮಲಗಿಸಬೇಕು, ಯಾರಿಗೆ ಫೋನ್ ಮಾಡಬೇಕು? ಮೂರೂ ಒಂದೇ ಸಂಗತಿಯ ಮೇಲೆ ನಿಂತಿವೆ: ಅವನಿಗೆ 18 ಆಗಿದೆಯೋ ಇಲ್ಲವೋ.

18 ಆಗಿಲ್ಲ ಅಂದ್ರೆ ಅವನು ಬಾಲನ್ಯಾಯ ಕಾಯ್ದೆ 2015ರ ಕೆಳಗೆ ಬರ್ತಾನೆ. “ಪಾಪ, ಇವತ್ತು ಮಲಗಲಿ, ಮುಂದಿನ ವಾರ ನೋಡೋಣ” ಅನ್ನೋ ಹಾಗಿಲ್ಲ. ಮನೆಯವರಿಂದ ತಪ್ಪಿಸಿಕೊಂಡ ಅಥವಾ ಯಾರೂ ಇಲ್ಲದ ಮಗು ಕೈಗೆ ಸಿಕ್ಕರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ 1098ಕ್ಕೋ, ಪೊಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೋ ಕಾಯ್ದೆ ಬೇರೆ. ಅಲ್ಲೂ ಸುಮ್ಮನಿರೋದು ಅಪರಾಧ. ರಾತ್ರಿ ಹೊತ್ತು ಸಮಿತಿ ಕೂತಿರಲ್ಲ ಅನ್ನೋದು ನೆಪ ಆಗಲ್ಲ, ಯಾಕಂದ್ರೆ ಸಮಿತಿ ಕೂತಿರದಾಗ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದು ಅಂತ ಕಾನೂನಿನಲ್ಲೇ ಇದೆ. ಒಳ್ಳೇ ಶೆಲ್ಟರಿನ ಗೋಡೆ ಮೇಲೆ ಆ ಸದಸ್ಯರ ನಂಬರು ದೊಡ್ಡ ಅಕ್ಷರದಲ್ಲಿ ಬರೆದಿರುತ್ತೆ. ಒಂದು ಶೆಲ್ಟರ್ ಹೇಗಿದೆ ಅಂತ ನೋಡೋಕೆ ಹೋದಾಗ ನಾನು ಮೊದಲು ಆ ಗೋಡೆ ನೋಡ್ತೀನಿ, ಕಂಬಳಿ ಆಮೇಲೆ.

ಸಮಸ್ಯೆ ಏನಂದ್ರೆ, ಹುಡುಗರು ವಯಸ್ಸು ಸುಳ್ಳು ಹೇಳ್ತಾರೆ. ಹದಿನಾರರವನು ಹತ್ತೊಂಬತ್ತು ಅಂತಾನೆ. ಕಾರಣ ಸೋಜಿಗದ್ದೇನಲ್ಲ. ಹದಿನೆಂಟಾಗಿಲ್ಲ ಅಂದ್ರೆ ಗುತ್ತಿಗೆದಾರ ಗೇಟ್ ಪಾಸ್ ಕೊಡಲ್ಲ, ಜೊತೆಗೆ “ರಿಮ್ಯಾಂಡ್ ಹೋಮಿಗೆ ಹಾಕ್ತಾರೆ” ಅಂತ ಸ್ಟೇಷನ್ನಿನಲ್ಲಿ ದೊಡ್ಡ ಹುಡುಗರು ಹೆದರಿಸಿರ್ತಾರೆ. ಆಧಾರ್ ಕಾರ್ಡು ನೋಡಿದರೆ ಆಯ್ತಲ್ಲ ಅಂತೀರಾ? ಆಧಾರ್ ಹುಟ್ಟಿದ ದಿನಕ್ಕೆ ಸಾಕ್ಷಿಯಲ್ಲ. ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿ, ಶಾಲೆಯ ಟಿಸಿಯನ್ನು ನಂಬಿತು. ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ನಿನ ಕ್ರಮವೂ ಹಾಗೇ ಇದೆ. ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಅದಿಲ್ಲದಿದ್ದರೆ ಪಂಚಾಯ್ತಿ ಅಥವಾ ಪಾಲಿಕೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಎಲುಬಿನ ಪರೀಕ್ಷೆ. ತೀರ್ಮಾನ ಮಾಡೋದು ಸಮಿತಿ, ಕೇರ್‌ಟೇಕರ್ ಅಲ್ಲ. ಕೇರ್‌ಟೇಕರ್ ಕೆಲಸ ಅನುಮಾನ ಪಡೋದು ಮಾತ್ರ, ಅನುಮಾನ ಬಂದರೆ ಮಗು ಅಂತಲೇ ನಡೆದುಕೊಳ್ಳೋದು. ಇಪ್ಪತ್ತರ ಹುಡುಗನನ್ನು ಮಗು ಅಂತ ತಿಳಿದರೆ ಅವನಿಗೆ ಒಂದು ದಿನ ಕಿರಿಕಿರಿ ಆಗತ್ತೆ, ಅಷ್ಟೇ. ಹದಿನಾರರವನನ್ನು ದೊಡ್ಡವನು ಅಂತ ತಿಳಿದು, ಕುಡಿದು ಬಂದ ನಲವತ್ತರ ಗಂಡಸರ ನಡುವೆ ಮಲಗಿಸಿದರೆ ಏನಾಗಬಹುದು ಅಂತ ನಾನು ವಿವರಿಸಬೇಕಿಲ್ಲ.

ನಮ್ಮ ಶೆಲ್ಟರಿನ ಹಿರಿಯ ಕೇರ್‌ಟೇಕರ್ ಒಬ್ಬರಿದ್ದಾರೆ, ಎಲ್ಲರೂ ಮಾವಶಿ ಅಂತಾರೆ. ಅವರು ಯಾರಿಗೂ ನೇರವಾಗಿ ವಯಸ್ಸು ಕೇಳಲ್ಲ. ಮೊದಲು ನೀರು ಕೊಡ್ತಾರೆ, ಆಮೇಲೆ “ಊಟ ಆಯ್ತಾ” ಅಂತಾರೆ, ತಾಟು ಮುಂದೆ ಇಟ್ಟ ಮೇಲೆ ಮೆಲ್ಲಗೆ “ಲಾಕ್‌ಡೌನ್ ಬಂದಾಗ ಎಷ್ಟನೇ ಇಯತ್ತೆಯಲ್ಲಿದ್ದೆ ಬಾಳಾ?” ಅಂತ ಕೇಳ್ತಾರೆ. 2020ರ ಮಾರ್ಚ್ ಅಂದ್ರೆ ಎಲ್ಲ ಮಕ್ಕಳಿಗೂ ನೆನಪಿರೋ ತಾರೀಖು. ಹುಟ್ಟಿದ ವರ್ಷ ಸುಳ್ಳು ಹೇಳೋಕೆ ತಯಾರಾಗಿ ಬಂದವನು ಈ ಪ್ರಶ್ನೆಗೆ ತಯಾರಾಗಿರಲ್ಲ. ಇಂಟರ್ವ್ಯೂ ಪ್ಯಾನೆಲ್ಲಿನಲ್ಲಿ ಕೂತ ಎಷ್ಟೋ ಮ್ಯಾನೇಜರುಗಳಿಗಿಂತ ಚೆಂದ ಕೇಳ್ತಾರೆ.

ಯಾದಗಿರಿ ಕಡೆಯ ಒಬ್ಬ ಹುಡುಗನ ವಿಷಯದಲ್ಲಿ ನಡೆದದ್ದು ಇದೇ. ಕರ್ನಾಟಕ ಎಕ್ಸ್‌ಪ್ರೆಸ್ ನಾಸಿಕ್ ರೋಡಿಗೆ ಬರಲ್ಲ. ಯಾದಗಿರಿ, ಕಲಬುರಗಿ, ಸೊಲ್ಲಾಪುರ, ದೌಂಡ್ ದಾಟಿ ಮನ್ಮಾಡಿಗೆ ಬರತ್ತೆ. ಅವನು ಮನ್ಮಾಡಿನಲ್ಲಿ ಇಳಿದು, ಎರಡು ದಿನ ಅಲ್ಲೇ ಕಳೆದು, ಕೆಲಸ ಸಿಗತ್ತೆ ಅಂತ ಯಾರೋ ಹೇಳಿದ್ದಕ್ಕೆ ಅಂಬಡ್‌ಗೆ ಬಂದಿದ್ದ. ಆಧಾರ್ ಪ್ರಕಾರ ಹತ್ತೊಂಬತ್ತು. ಹಿಂದಿ ಅರ್ಧಂಬರ್ಧ. ಮಾವಶಿ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಲಾಕ್‌ಡೌನ್ ಪ್ರಶ್ನೆ ಕನ್ನಡದಲ್ಲಿ ನಾನು ಕೇಳಿದೆ. “ಆರನೇತ್ತೆ ಇದ್ದೆರಿ” ಅಂದ. ಹಾಗಂದ ಕೂಡಲೇ ಅವನಿಗೂ ಗೊತ್ತಾಯ್ತು ಅನ್ಸತ್ತೆ, ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ, “ಅಣ್ಣಾ, ಮನಿಗಿ ಫೋನ್ ಹಚ್ಚಬ್ಯಾಡ್ರಿ” ಅಂದ. ಇಲ್ಲಿ ಒಂದು ಮಾತು ಮುಖ್ಯ. ಹಚ್ಚಲ್ಲ ಅಂತ ಮಾತು ಕೊಡಬಾರದು, ಹಚ್ಚೇ ಹಚ್ತೀವಿ ಅಂತ ಹೆದರಿಸಲೂಬಾರದು. “ನಿನ್ನ ಕೇಳದೆ ನಾನು ಮನೆಗೆ ಹಚ್ಚಲ್ಲ. ಆದರೆ ಒಬ್ಬರು ಮೇಡಂಗೆ ತಿಳಿಸಲೇಬೇಕು, ಅದು ಕಾನೂನು. ಅವರು ಪೊಲೀಸರಲ್ಲ. ಮನೆಗೆ ಯಾಕೆ ಹೋಗಲ್ಲ ಅಂತ ಅವರಿಗೆ ನೀನೇ ಹೇಳಬಹುದು, ಕನ್ನಡದಾಗ ಹೇಳು, ನಾನು ಇರ್ತೀನಿ” ಅಂದೆ. ಮನೆಯಲ್ಲೇ ಹೊಡೆಯೋರು ಇರಬಹುದು, ಅದಕ್ಕೇ ಮನೆಗೆ ಫೋನ್ ಮಾಡೋ ನಿರ್ಧಾರ ಶೆಲ್ಟರಿನದಲ್ಲ. ಆ ರಾತ್ರಿ 1098ಕ್ಕೆ ತಿಳಿಸಿ, ಅವನನ್ನು ಕೇರ್‌ಟೇಕರ್ ಕೋಣೆಗೆ ಹತ್ತಿದ ಸಣ್ಣ ಕೋಣೆಯಲ್ಲಿ ಮಲಗಿಸಿದರು. ಬೆಳಿಗ್ಗೆ ಸಮಿತಿ ಮುಂದೆ ನಾನು ದುಭಾಷಿಯಾಗಿ ಕೂತೆ. ಮುಂದೆ ಅವನನ್ನು ಸ್ವಂತ ಜಿಲ್ಲೆಯ ಸಮಿತಿಗೆ ವರ್ಗ ಮಾಡಿದರು, ಬೇರೆ ಊರಿನ ಮಗುವಿಗೆ ಹಾಗೆ ಮಾಡೋ ವ್ಯವಸ್ಥೆ ಕಾಯ್ದೆಯಲ್ಲಿದೆ. ಅದರಾಚೆಯ ಸುದ್ದಿ ನನಗೆ ಬರಲ್ಲ, ಬರಲೂಬಾರದು.

ಯಾಕೆ ಬರಬಾರದು ಅಂದ್ರೆ 74ನೇ ಸೆಕ್ಷನ್. ರಕ್ಷಣೆ ಬೇಕಾದ ಮಗುವಿನ ಹೆಸರು, ಊರು, ಶಾಲೆ, ಫೋಟೋ – ಗುರುತು ಸಿಗೋ ಯಾವುದನ್ನೂ ಹೊರಗೆ ಹಾಕುವ ಹಾಗಿಲ್ಲ. ಹಾಕಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದನ್ನು ವಿಶೇಷವಾಗಿ ನಮ್ಮವರಿಗೆ ಹೇಳ್ತಿದ್ದೀನಿ. ಕಂಪನಿಯ ಸಿಎಸ್‌ಆರ್ ತಂಡ ಟೀ-ಶರ್ಟ್ ಹಾಕಿಕೊಂಡು ಬಂದು, ಕೇಕ್ ಕತ್ತರಿಸಿ, ಮಕ್ಕಳ ಜೊತೆ ಸೆಲ್ಫಿ ಹೊಡೆದು ಲಿಂಕ್ಡ್‌ಇನ್‌ಗೆ ಹಾಕತ್ತಲ್ಲ, ಅದು. ಮನೆಯ ಹೊಡೆತ ತಪ್ಪಿಸಿಕೊಂಡು ಬಂದವನ ವಿಳಾಸವನ್ನು ಹೊಡೆಯುವವನ ಫೋನಿಗೇ ನಾವು ಕಳಿಸಿದ ಹಾಗೆ. ನಾನು ಮಾಡಿಕೊಟ್ಟ ರಿಜಿಸ್ಟರಿನಲ್ಲೂ ಫೋಟೋ ಕಾಲಂ ಇಡಲಿಲ್ಲ. ಬಂದ ಹೊತ್ತು, ಹೋದ ಹೊತ್ತು, ಮಲಗಿದ ಜಾಗ, ಔಷಧಿ ಇದ್ದರೆ ಅದು, ತುರ್ತಿಗೆ ಯಾರಿಗೆ ತಿಳಿಸಬೇಕು, 18ರ ಅನುಮಾನ ಇದ್ದರೆ ಯಾರಿಗೆ ಎಷ್ಟು ಹೊತ್ತಿಗೆ ತಿಳಿಸಿದರು. ಈ ಕೊನೆಯ ಕಾಲಂ ಖಾಲಿ ಬಿಟ್ಟು ಸೇವ್ ಮಾಡೋಕೆ ಬರಲ್ಲ. ಅಷ್ಟೇ ನನ್ನ ಎಂಟೆಕ್ಕಿನ ಕೊಡುಗೆ.

ಹದಿನೆಂಟರ ಕೆಳಗಿನವರ ವಿಷಯದಲ್ಲಿ ನಮ್ಮ ಕಡೆ ಒಳ್ಳೇ ಅನುಭವ ಇದೆ ಅಂತಲೂ ಹೇಳಬೇಕು. ಬೆಂಗಳೂರಿನ ಬೋಸ್ಕೋ ಶುರುವಾದದ್ದು 1980ರಲ್ಲಿ. ಆ ಹೆಸರು ಬಿಡಿಸಿದರೆ ಬೆಂಗಳೂರು ಓಣಿಯವರ ಸೇವಾ ಕೂಟ, ಅಪ್ಪಟ ಕನ್ನಡ. ರಾಯಚೂರು ರೈಲ್ವೆ ಸ್ಟೇಷನ್ನಿನ ಮಕ್ಕಳ ನಡುವೆ 1990ರ ದಶಕದಲ್ಲಿ ಕೆಲಸ ಶುರು ಮಾಡಿದ ಸಾಥಿ ಸಂಸ್ಥೆಯವರು, ಪ್ಲಾಟ್‌ಫಾರ್ಮಿಗೆ ಬಂದ ಮೊದಲ ದಿನಗಳಲ್ಲೇ ಮಗುವನ್ನು ಮಾತಾಡಿಸೋದಕ್ಕೆ ಒತ್ತು ಕೊಟ್ಟರು. ದಿನ ಕಳೆದಷ್ಟೂ ಪ್ಲಾಟ್‌ಫಾರ್ಮಿನ ಗೆಳೆತನ, ಕಾಸು, ಸೊಲ್ಯೂಷನ್ ಮೂಸುವ ಚಟ ಗಟ್ಟಿಯಾಗ್ತಾ ಹೋಗತ್ತೆ, ಮನೆ ದೂರ ಆಗ್ತಾ ಹೋಗತ್ತೆ.

ಹದಿನೆಂಟು ದಾಟಿದವನ ಕಥೆಯೇ ಬೇರೆ. ಹುಟ್ಟುಹಬ್ಬದ ಹಿಂದಿನ ದಿನ ಅವನಿಗಾಗಿ ಸಮಿತಿ, ಘಟಕ, ಹೆಲ್ಪ್‌ಲೈನು, ಮಕ್ಕಳ ಮನೆ ಎಲ್ಲ ಇವೆ. ಮರುದಿನ ಅವನು “ವಯಸ್ಕ ಪುರುಷ”. ದೊಡ್ಡವರ ಶೆಲ್ಟರಿಗೆ ಹೋಗಿ ಚಾಪೆ ಕೇಳಬೇಕು. 46ನೇ ಸೆಕ್ಷನ್ನಿನಲ್ಲಿ ಆಫ್ಟರ್‌ಕೇರ್ ಅಂತ ಇದೆ, ಆದರೆ ಅದು ಮಕ್ಕಳ ಮನೆಯಲ್ಲಿದ್ದು 18ಕ್ಕೆ ಹೊರಗೆ ಬಂದವರಿಗೆ. ಹದಿನೆಂಟೂವರೆಗೆ ನೇರವಾಗಿ ಮನೆಯಿಂದ ಹೊರಬಿದ್ದವನಿಗೆ ಅದು ಸಿಗಲ್ಲ. ಅಮೆರಿಕದಲ್ಲಿರೋ ನಮ್ಮ ಓದುಗರಿಗೆ ಗೊತ್ತಿರಬಹುದು, ಅಲ್ಲಿ ಓಡಿಬಂದ ಮತ್ತು ಮನೆಯಿಲ್ಲದ ಯುವಕರಿಗೇ ಅಂತ 1974ರಿಂದ ಒಂದು ಕಾಯ್ದೆ ಇದೆ. ಚಿಕ್ಕವರಿಗೆ ಅಲ್ಪಾವಧಿಯ ಶೆಲ್ಟರ್ ಒಂದು ಕಡೆ, 16ರಿಂದ 21ರವರೆಗಿನವರಿಗೆ ತಿಂಗಳುಗಟ್ಟಲೆ ಇದ್ದು ಸ್ವಂತ ಕಾಲ ಮೇಲೆ ನಿಲ್ಲೋ ಮನೆ ಇನ್ನೊಂದು ಕಡೆ. ಲಂಡನ್ನಿನಲ್ಲಿ ಸೆಂಟರ್‌ಪಾಯಿಂಟ್ ಅನ್ನೋ ಸಂಸ್ಥೆ 1969ರಲ್ಲಿ ಸೋಹೋದ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಯುವಕರಿಗೇ ಅಂತ ರಾತ್ರಿ ಶೆಲ್ಟರ್ ತೆರೆದಿತ್ತು. ಅಲ್ಲಿ ಸಮಸ್ಯೆ ಮುಗಿದಿದೆ ಅಂತಲ್ಲ, ಮುಗಿದಿಲ್ಲ. ಆದರೆ ಹತ್ತೊಂಬತ್ತರ ಹುಡುಗ ಬೇರೆ, ನಲವತ್ತೈದರ ಗಂಡಸು ಬೇರೆ ಅನ್ನೋ ಸರಳ ಸತ್ಯ ಅಲ್ಲಿನ ಕಾಗದದಲ್ಲಿದೆ. ನಮ್ಮಲ್ಲಿ ಅದನ್ನು ಪ್ರತಿ ಶೆಲ್ಟರೂ ತಾನೇ ಕಂಡುಕೊಳ್ಳಬೇಕು. ದೊಡ್ಡ ಹಾಲಿದ್ದರೆ 18ರಿಂದ 24ರವರಿಗೆ ಒಂದು ಪಕ್ಕ, ಕೇರ್‌ಟೇಕರ್ ಕುರ್ಚಿಯಿಂದ ಕಣ್ಣಿಗೆ ಬೀಳೋ ಪಕ್ಕ, ಬಚ್ಚಲಿಗೆ ಹೋಗೋ ದಾರಿಯಲ್ಲಿ ರಾತ್ರಿಯಿಡೀ ದೀಪ. ಇದಕ್ಕೆ ದುಡ್ಡೂ ಬೇಡ, ಮಂಜೂರಾತಿಯೂ ಬೇಡ.

ಇನ್ನು ಬಾಗಿಲು ಮುಚ್ಚೋ ಹೊತ್ತು. “ಹತ್ತು ಗಂಟೆಗೆ ಗೇಟ್ ಬಂದ್” ಅಂತ ಹಲವು ಕಡೆ ಬೋರ್ಡಿರುತ್ತೆ. ಶಿಸ್ತು ಅನ್ನಿಸತ್ತೆ. ಅಂಬಡ್‌ನಂಥ ಜಾಗದಲ್ಲಿ ಅದರ ಅರ್ಥ ಏನು ಗೊತ್ತಾ? ಇಲ್ಲಿ ಸೆಕೆಂಡ್ ಶಿಫ್ಟ್ ಬಿಡೋದೇ ರಾತ್ರಿ ಹನ್ನೊಂದರ ಆಚೀಚೆ. ಕೆಲಸ ಹುಡುಕಿಕೊಂಡ ಹುಡುಗನಿಗೆ ಗೇಟು ಮುಚ್ಚಿದೆ, ಕೆಲಸ ಇಲ್ಲದವನಿಗೆ ತೆರೆದಿದೆ ಅಂದ ಹಾಗಾಯ್ತು. ಥರ್ಡ್ ಶಿಫ್ಟಿನವನಿಗೆ ಮಲಗೋಕೆ ಜಾಗ ಬೇಕಾಗೋದು ಬೆಳಿಗ್ಗೆ ಎಂಟಕ್ಕೆ, ಅಷ್ಟೊತ್ತಿಗೆ “ರಾತ್ರಿ” ಶೆಲ್ಟರ್ ಗುಡಿಸಿ ಬೀಗ ಹಾಕಿರ್ತಾರೆ. ಯೋಜನೆಯಲ್ಲಿ 24 ಗಂಟೆ ಅಂತ ಬರೆದಿರೋದು ಸುಮ್ಮನೆ ಅಲ್ಲ. ನಮ್ಮಲ್ಲಿ ಈಗ ಗೇಟ್ ಪಾಸ್ ತೋರಿಸಿದವನಿಗೆ ಹೊತ್ತಿನ ನಿಯಮ ಇಲ್ಲ, ಹಗಲು ಒಂದು ಕೋಣೆ ಪರದೆ ಎಳೆದು ಬಿಟ್ಟಿರ್ತಾರೆ.

ಕುಡಿದು ಬಂದವನನ್ನು ಏನು ಮಾಡೋದು ಅಂತ ಎಲ್ಲರೂ ಕೇಳ್ತಾರೆ. ಡಿಸೆಂಬರ್-ಜನವರಿಯಲ್ಲಿ ನಾಸಿಕ್ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತೆ. ಕುಡಿದವನನ್ನು ಆ ಚಳಿಗೆ ತಳ್ಳಿದರೆ ಬೆಳಿಗ್ಗೆ ಅವನು ಏಳದೇ ಇರಬಹುದು. ಹಾಗಾಗಿ ವಾಸನೆ ಬಂದರೆ ಬಾಗಿಲ ಹತ್ತಿರದ ಚಾಪೆ, ಕೈ ಎತ್ತಿದರೆ 112. ಈ ಎರಡನ್ನು ಬೆರೆಸಬಾರದು. ಸುಮ್ಮನೆ ಕೂತು ನಡುಗುವವನು, ತನ್ನಷ್ಟಕ್ಕೆ ಮಾತಾಡುವವನು ಬಂದರೆ 14416, ಟೆಲಿ ಮಾನಸ್. 2022ರಿಂದ ಇದೆ, ಕನ್ನಡದಲ್ಲೂ ಮಾತಾಡ್ತಾರೆ.

ಒಂದು ಸಣ್ಣ ವಿಷಯ ಹೇಳಿದರೆ ನಗ್ತೀರಿ. ಶೆಲ್ಟರಿನಲ್ಲಿ ನಾನು ಕಂಡ ಹೆಚ್ಚಿನ ಜಗಳ ಊಟಕ್ಕಲ್ಲ, ಕಂಬಳಿಗಲ್ಲ, ಚಾರ್ಜಿಂಗ್ ಪಾಯಿಂಟಿಗೆ. ಗುತ್ತಿಗೆದಾರ ಬೆಳಿಗ್ಗೆ ಆರಕ್ಕೆ ಫೋನ್ ಮಾಡ್ತಾನೆ, ಫೋನ್ ಸತ್ತಿದ್ದರೆ ಅವತ್ತಿನ ಕೂಲಿ ಹೋಯ್ತು. ಮೂವತ್ತು ಜನಕ್ಕೆ ನಾಲ್ಕು ಪ್ಲಗ್ ಇಟ್ಟು ಶಾಂತಿಯಿಂದಿರಿ ಅಂದರೆ ಯಾರಿರ್ತಾರೆ? ಬೀಗದ ಸಣ್ಣ ಪೆಟ್ಟಿಗೆ, ಒಳಗೇ ಚಾರ್ಜರ್ ಪಾಯಿಂಟು. ಅದನ್ನು ಹಾಕಿಸಿದ ಮೇಲೆ ರಾತ್ರಿಯ ಗಲಾಟೆ ಕಮ್ಮಿ ಆಯ್ತು. ಚಪ್ಪಲಿ ಕಳ್ಳತನ ಮಾತ್ರ ಇನ್ನೂ ಇದೆ.

ಎಷ್ಟು ದಿನ ಇರಬಹುದು ಅನ್ನೋದು ಇನ್ನೊಂದು ಪ್ರಶ್ನೆ. ಹದಿನೈದು ದಿನ, ಆಮೇಲೆ ಜಾಗ ಬಿಡಬೇಕು ಅನ್ನೋದನ್ನು ಕೇಳಿರ್ತೀರಿ. ಲೆಕ್ಕ ಹಾಕಿ ನೋಡೋಣ. ಹುಡುಗ ಜೂನ್ 3ಕ್ಕೆ ಕೆಲಸಕ್ಕೆ ಸೇರಿದ. ಜೂನ್ ತಿಂಗಳ ಸಂಬಳ ಜುಲೈ 7ರ ಹೊತ್ತಿಗೆ. ಮಧ್ಯೆ 34 ದಿನ. ಬ್ಯಾಂಕ್ ಖಾತೆ ಹೊಸದು ಅಂದ್ರೆ ಇನ್ನೂ ತಡ. ರೂಮಿಗೆ ಅಡ್ವಾನ್ಸ್ ಬೇಕು, ಮಾಲೀಕನಿಗೆ ಪರಿಚಯದವರ ಹೆಸರು ಬೇಕು. ಹದಿನೈದನೇ ದಿನ ಹೊರಗೆ ಕಳಿಸಿದರೆ ಅವನು ಬಸ್ ಸ್ಟ್ಯಾಂಡಿನಲ್ಲಿ ಮಲಗಿ, ನಿದ್ದೆಗೆಟ್ಟು, ಮಷಿನ್ ಮುಂದೆ ತೂಕಡಿಸಿ, ಇಪ್ಪತ್ತನೇ ದಿನ ಕೆಲಸ ಕಳ್ಕೊಳ್ತಾನೆ. ಅಲ್ಲಿಂದ ಮತ್ತೆ ಮೊದಲಿನಿಂದ. ದಿನದ ಮಿತಿ ಕ್ಯಾಲೆಂಡರಿಗೆ ಕಟ್ಟಬಾರದು, ಮೊದಲ ಸಂಬಳಕ್ಕೆ ಕಟ್ಟಬೇಕು. ಎರಡನೇ ತಿಂಗಳಿಂದ ಸ್ವಲ್ಪ ಕಾಸು ತಗೊಳ್ಳೋದರಲ್ಲಿ ತಪ್ಪಿಲ್ಲ. ಯೋಜನೆಯ ನಿಯಮದಲ್ಲೇ ಆದಾಯದ ಹತ್ತರಿಂದ ಇಪ್ಪತ್ತನೇ ಒಂದು ಭಾಗ ತಗೋಬಹುದು ಅಂತ ಇತ್ತು. ಕೊಟ್ಟವನು ತಲೆ ಎತ್ತಿ ಓಡಾಡ್ತಾನೆ, ನಾನು ನೋಡಿದೀನಿ.

ಈಗ ದುಡ್ಡಿನ ಮಾತು, ನಮ್ಮವರಿಗೆ ಇಷ್ಟದ ಮಾತು. ಆ ಯೋಜನೆ 50 ಜನರ ಶೆಲ್ಟರ್ ನಡೆಸೋಕೆ ವರ್ಷಕ್ಕೆ 6 ಲಕ್ಷ ರೂಪಾಯಿ ಅಂತ ಲೆಕ್ಕ ಇಟ್ಟಿತ್ತು. ಅಂದ್ರೆ ತಿಂಗಳಿಗೆ 50 ಸಾವಿರ, ಒಬ್ಬರಿಗೆ ದಿನಕ್ಕೆ ಸುಮಾರು 33 ರೂಪಾಯಿ. ಇನ್ನು ಜನ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು, ವಾರಕ್ಕೆ 84 ಗಂಟೆ. ಹುಡುಗರಿರುವ ಜಾಗದಲ್ಲಿ ರಾತ್ರಿ ಒಬ್ಬರೇ ಕೇರ್‌ಟೇಕರ್ ಇರಲೇಬಾರದು. ಒಬ್ಬರು ಆಸ್ಪತ್ರೆಗೆ ಓಡಿದರೆ ಇನ್ನೊಬ್ಬರು ಬಾಗಿಲಲ್ಲಿರಬೇಕು. ಅದಕ್ಕಿಂತ ಮುಖ್ಯವಾಗಿ, ಒಬ್ಬನೇ ದೊಡ್ಡವನ ಕೈಯಲ್ಲಿ ಮಲಗಿದ ಮಕ್ಕಳನ್ನು ಬಿಡೋದು ಅಂದ್ರೆ ಅಪಾಯವನ್ನು ಬಾಗಿಲೊಳಗೇ ಕರೆದ ಹಾಗೆ. ಇಬ್ಬರು ಅಂದ್ರೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಮೂರೂವರೆ ಜನ, ರಜೆ-ಜ್ವರ ಸೇರಿಸಿ ನಾಲ್ಕು. ನಾಲ್ವರಿಗೆ ತಲಾ ಹನ್ನೆರಡೂವರೆ ಸಾವಿರ ಕೊಟ್ಟರೆ ಆ 50 ಸಾವಿರ ಅಲ್ಲಿಗೇ ಮುಗೀತು. ಇದು ಬರೀ ರಾತ್ರಿಯ ಲೆಕ್ಕ. ಕರೆಂಟು, ನೀರು, ಕಂಬಳಿ ಒಗೆಸೋದು, ತಿಗಣೆ ಔಷಧಿ, ತುರಿಕಜ್ಜಿಗೆ ಮುಲಾಮು ಯಾವುದಕ್ಕೂ ಕಾಸಿಲ್ಲ. ಹಗಲೂ ಬಾಗಿಲು ತೆರೆದಿಡಬೇಕಂದ್ರೆ ಇನ್ನೂ ಜನ ಬೇಕು. ಶೆಲ್ಟರುಗಳು ಹಾಳಾಗೋದು ಕೆಟ್ಟ ಮನಸ್ಸಿನಿಂದಲೇ ಅಂತಲ್ಲ, ಎಷ್ಟೋ ಸಲ ಈ ಲೆಕ್ಕದಿಂದ. ನಾಲ್ವರ ಬದಲು ಇಬ್ಬರನ್ನು ಇಟ್ಕೊಳ್ತಾರೆ, ಇಬ್ಬರೂ ರಾತ್ರಿ ಎರಡು ಗಂಟೆಗೆ ನಿದ್ದೆ ಹೋಗ್ತಾರೆ.

ಹುಡುಗಿಯರ ವಿಷಯ ಇಲ್ಲಿ ಎರಡು ಮಾತಿನಲ್ಲಿ ಮುಗಿಸ್ತಿದ್ದೀನಿ. ಮಹತ್ವ ಕಡಿಮೆ ಅಂತಲ್ಲ, ಹುಡುಗರ ಶೆಲ್ಟರಿನ ಅನುಭವದಿಂದ ಅದನ್ನು ಹೇಳೋಕೆ ಹೋಗಬಾರದು ಅಂತ. ಬಾಗಿಲಿಗೆ ಹುಡುಗಿ ಬಂದರೆ 18ರ ಕೆಳಗಿದ್ದರೆ 1098, ಮೇಲಿದ್ದರೆ 181 ಮತ್ತು ಸಖಿ ಒನ್ ಸ್ಟಾಪ್ ಸೆಂಟರ್. ಕರೆದೊಯ್ಯುವವರು ಬರುವವರೆಗೆ ಮಾವಶಿಯ ಜೊತೆ ಮಾವಶಿಯ ಕೋಣೆಯಲ್ಲೇ. ಹಾಲಿಗೆ ಕರೆತರೋದಿಲ್ಲ.

ನಾವೇನು ಮಾಡಬಹುದು ಅಂತ ಕೇಳೋರಿಗೆ. ಹಳೇ ಬಟ್ಟೆ ಬೇಡ್ರಿ, ಪ್ರತಿ ದೀಪಾವಳಿಗೂ ಒಂದು ಕೋಣೆ ತುಂಬತ್ತೆ. ಬೇಕಾಗಿರೋದು ಒಬ್ಬ ಹೆಚ್ಚಿನ ಕೇರ್‌ಟೇಕರಿನ ಸಂಬಳ, ಪ್ರತಿ ತಿಂಗಳು, ತಪ್ಪದೆ. ಐದಾರು ಗೆಳೆಯರು ಸೇರಿ ಎಸ್‌ಐಪಿ ಕಟ್ಟಿದ ಹಾಗೆ ಕಟ್ಟಬಹುದು. ಒಂದು ದೊಡ್ಡ ವಾಷಿಂಗ್ ಮಷಿನ್. ಮೊದಲ ಸಂಬಳ ಬಂದ ಹುಡುಗನಿಗೆ ರೂಮಿನ ಅಡ್ವಾನ್ಸ್ ಕೊಡೋ ಒಂದು ಸಣ್ಣ ನಿಧಿ. ನಮ್ಮಲ್ಲಿ ಅದು ಸಾಲ, ಬಡ್ಡಿ ಇಲ್ಲ, ಕೆಲವರು ವಾಪಸ್ ಕೊಡ್ತಾರೆ, ಕೆಲವರು ಕೊಡಲ್ಲ, ಆದರೂ ನಡೀತಿದೆ.

ಇನ್ನೊಂದು ನಮ್ಮಿಂದಲೇ ಆಗುವಂಥದ್ದು. ಪುಣೆ, ಮುಂಬೈ, ನಾಸಿಕ್, ಸಂಭಾಜಿನಗರ ಎಲ್ಲೇ ಇರಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಫೋನ್ ಎತ್ತಿ ಕನ್ನಡದಲ್ಲಿ ಮಾತಾಡಿಸೋಕೆ ಒಬ್ಬರು ಬೇಕು. ಆನ್‌ಕಾಲ್ ನಮಗೇನು ಹೊಸದಲ್ಲ, ಸರ್ವರ್ ಬಿದ್ದರೆ ಎರಡು ಗಂಟೆಗೆ ಏಳ್ತೀವಿ. ಕಲಬುರಗಿ, ಬೀದರ್, ವಿಜಯಪುರದ ಮಾತು ಬರೋರಾದರೆ ಇನ್ನೂ ಒಳ್ಳೇದು, ನನ್ನ ಧಾರವಾಡದ ಮಾತು ಕೆಲವು ಸಲ ಆ ಹುಡುಗರಿಗೆ ನಾಟಕದ ಮಾತಿನ ಹಾಗೆ ಕೇಳತ್ತೆ. ಮೊದಲು ಶೆಲ್ಟರಿನವರು ನಿಮ್ಮ ಪೊಲೀಸ್ ವೆರಿಫಿಕೇಷನ್ ಕೇಳ್ತಾರೆ, ಬೇಜಾರು ಮಾಡ್ಕೋಬೇಡಿ, ಕೇಳದ ಶೆಲ್ಟರಾದರೆ ನೀವೇ ಅನುಮಾನ ಪಡಿ. ನಮ್ಮ ಪಟ್ಟಿಯಲ್ಲಿ ಈಗ ಆರು ಜನ ಇದ್ದೀವಿ. ಶುಕ್ರವಾರ ರಾತ್ರಿಗೆ ಇನ್ನೂ ಯಾರೂ ಸಿಕ್ಕಿಲ್ಲ.